ಬಟ್ಟೆಯ ಹಿಂದೆ ಏನಿದೆ?

ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ನೀವು ಕುಳಿತಿರಬಹುದು. ಮೇಲಿನ ಬಟ್ಟೆ ಜೋತುಬಿದ್ದು ದಾರಿಯುದ್ದಕ್ಕೂ ತಲೆಗೆ ತಾಗುತ್ತಿರುತ್ತದೆ. ನಮ್ಮ ತಂದೆಯವರ ಕಾರಿನ ಸ್ಥಿತಿಯೂ ಅದೇ ಆಗಿತ್ತು. ಅವರು ತೀರಿಕೊಂಡ ಬಳಿಕ ಅದನ್ನು ಗುಜರಿಗೆ ಕೊಡೋಣವೆಂದು ಅಣ್ಣ, ಕೂಡದೆಂದು ಉಮ್ಮ. ಗೆದ್ದದ್ದು ಉಮ್ಮ. ತಂಗಿಯ ಮದುವೆಗೆ ವಾರವಿರುವಾಗ ಸೀಟು ಹೊಲಿಯುವವರೊಬ್ಬರಿಗೆ ಕೊಟ್ಟು, ಒಂದೇ ದಿನದಲ್ಲಿ ಮೇಲೆ ಹೊಸ ಬಟ್ಟೆ, ಬಾಗಿಲುಗಳಿಗೆ ಹೊಸ ರೆಕ್ಸಿನ್ ಹಾಕಿಸಿದೆವು. ಮೊದಲ ಮಳೆಗೇ ಮೇಲೆ ಕಂದು ಕಲೆ! ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲಿನ ಹಲಗೆಗಳು ಹಪ್ಪಳದಂತೆ ಉಬ್ಬಿದ್ದವು. ಅಣ್ಣ ಅಂಗಡಿಯವರನ್ನು ಬೈದ. ಆದರೆ ಅವಸರ ಮಾಡಿದವರು ನಾವೇ ಅಲ್ಲವೇ?

ಎರಡನೆಯ ಬಾರಿ ಒಬ್ಬ ಹಿರಿಯ ಕೆಲಸಗಾರರು ಸಿಕ್ಕಿದರು. ಅವರು ಮೊದಲು ಬಟ್ಟೆ ಕಳಚಿ, ಉಮ್ಮನನ್ನೇ ಒಳಗೆ ಕುಳ್ಳಿರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟರು. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಡೆದಿತ್ತು. ಛಾವಣಿಯ ಅಂಚಿನಲ್ಲಿ ತುಕ್ಕು ಹಿಡಿದು ಸೂಜಿಯಷ್ಟು ತೂತಾಗಿತ್ತು. ಟಿಂಕರಿಂಗ್ ಮಾಡಿಸಿ, ಬೀಡಿಂಗ್ ಬದಲಿಸಿದ ನಂತರವೇ ಅವರು ಬಟ್ಟೆಯ ಮಾತೆತ್ತಿದ್ದು.

ಇಂತಹ ಕಾರುಗಳಲ್ಲಿ ಮೇಲಿನ ಬಟ್ಟೆಯನ್ನು ಇಡಿಯಾಗಿ ಅಂಟಿಸಿರುವುದಿಲ್ಲ. ಅಡ್ಡಲಾಗಿ ಬಾಗಿದ ಕಬ್ಬಿಣದ ಸರಳುಗಳಿರುತ್ತವೆ. ಪರದೆಗೆ ಕೋಲು ತೂರಿಸುವಂತೆ, ಬಟ್ಟೆಯ ಹಿಂಭಾಗದಲ್ಲಿ ಹೊಲಿದ ಪಟ್ಟಿಗಳಲ್ಲಿ ಅವನ್ನು ತೂರಿಸಿರುತ್ತಾರೆ. ಅಂಟು ಇರುವುದು ಅಂಚುಗಳಲ್ಲಿ ಮಾತ್ರ. ಒಂದು ಸರಳಿನ ಬಾಗು ಇನ್ನೊಂದಕ್ಕಿರುವುದಿಲ್ಲ. ಆದ್ದರಿಂದ ತೆಗೆಯುವಾಗಲೇ ಮುಂದಿನಿಂದ ಒಂದು, ಎರಡು, ಮೂರು ಎಂದು ಗುರುತು ಹಾಕಿ. ಹಳೆಯ ಬಟ್ಟೆಯನ್ನಂತೂ ಎಸೆಯಲೇಬೇಡಿ, ಅದುವೇ ನಿಮ್ಮ ಅಳತೆ. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತಿತು. ಹೊಲಿಗೆ ಬಲ್ಲ ಸಹೋದರಿಯರಿಗೆ ಹೇಳಬೇಕಾಗಿಲ್ಲ, ಹಳೆಯ ರವಿಕೆ ಬಿಚ್ಚಿ ಹೊಸತು ಕತ್ತರಿಸುವ ಕೆಲಸವೇ ಇದು. ಅಂಚಿನಲ್ಲಿ ಮಾತ್ರ ಧಾರಾಳವಾಗಿ ಬಿಡಿ, ಎಳೆದು ಅಂಟಿಸಿದ ಮೇಲೆ ಕತ್ತರಿಸಬಹುದು.

ಬಾಗಿಲಿನ ವಿಷಯ ನನಗೂ ಹೊಸದು. ಕಿಟಕಿಯ ಗಾಜಿನ ಸಂದಿನಿಂದ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜವಂತೆ. ಅದು ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ನೀರು ಹಲಗೆಗೆ ತಾಗದಿರಲೆಂದು ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು. ನಮ್ಮ ಕಾರಿನಲ್ಲಿ ಹಾಳೆ ಇರಲಿಲ್ಲ. ಗಾಜು ರಿಪೇರಿ ಮಾಡುವಾಗ ಯಾರೋ ಯಾವಾಗಲೋ ಹರಿದು ಬಿಸಾಡಿರಬೇಕು. ತೂತುಗಳಲ್ಲಿ ಧೂಳು ಕೆಸರಾಗಿ ಗಟ್ಟಿಯಾಗಿತ್ತು. ಒಂದು ತಂತಿಯಿಂದ ಅದನ್ನು ಬಿಡಿಸಿದಾಗ ಬಾಗಿಲಿನಿಂದ ಅರ್ಧ ಚೊಂಬು ಕೊಳಕು ನೀರು ಸುರಿಯಿತು. ದಪ್ಪ ಪ್ಲಾಸ್ಟಿಕ್ ಹಾಳೆಗೆ ಹೆಚ್ಚೇನೂ ಖರ್ಚಾಗಲಿಲ್ಲ. ಅದಿಲ್ಲದ್ದರಿಂದ ನಾವು ನಾಲ್ಕು ಬಾಗಿಲುಗಳಿಗೆ ಎರಡು ಸಲ ಹಣ ತೆತ್ತೆವು. ಈ ಸಲ ಹಾರ್ಡ್‌ಬೋರ್ಡಿನ ಬದಲು ನೀರು ತಡೆಯುವ ತೆಳು ಪ್ಲೈವುಡ್ ಹಾಕಿಸಿದೆವು.

ಕೆಲಸಕ್ಕೆ ಬಿಸಿಲಿನ ದಿನವೇ ಒಳ್ಳೆಯದು, ರೆಕ್ಸಿನ್ ಮೆತ್ತಗಾಗಿ ಎಳೆದಂತೆ ಬರುತ್ತದೆ. ಅಂಟನ್ನು ಎರಡೂ ಕಡೆ ಹಚ್ಚಿ, ಸ್ವಲ್ಪ ಆರಿದ ಮೇಲೆ ಒತ್ತಬೇಕು. ಅದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಬಾಗಿಲುಗಳೆಲ್ಲ ತೆರೆದಿರಲಿ, ಹತ್ತಿರ ಯಾರೂ ಬೀಡಿ ಹಚ್ಚದಿರಲಿ. ವಾಸನೆ ಹೋಗುವವರೆಗೆ ಎರಡು ಮೂರು ದಿನ ಮಕ್ಕಳನ್ನು ಕುಳ್ಳಿರಿಸಬೇಡಿ. ನಮ್ಮ ಉಮ್ಮ ಮಾತ್ರ ಈ ಮಾತು ಕೇಳಲಿಲ್ಲ, ಅಂದೇ ಸಂಜೆ ಹಿಂದಿನ ಸೀಟಿನಲ್ಲಿ ಕುಳಿತು ಗಾಜು ಇಳಿಸಿಕೊಂಡರು.