ಹಸಿ ಹಾಲು ಮಾಡಿದ ತಪ್ಪೇನು?

ಇಂಗ್ಲೆಂಡಿನ ಚೀಸ್ ‘ಸ್ಟಿಲ್ಟನ್’. ನೀಲಿ ಬೂಷ್ಟು ಅಂತ ಮೂಗು ಮುರಿಯಬೇಡಿ, ರುಚಿ ಇರೋದೇ ಅದರಲ್ಲಿ! ಹಿಂದೆ ಹಸಿ ಹಾಲಿಂದಲೂ ಮಾಡ್ತಿದ್ದರು. 1996ರಲ್ಲಿ ಹೆಸರಿಗೆ ಕಾನೂನಿನ ಬೇಲಿ ಬಿತ್ತು: ಮೂರೇ ಜಿಲ್ಲೆ, ಪಾಶ್ಚರೀಕರಿಸಿದ ಹಾಲು ಮಾತ್ರ. 2006ರಲ್ಲಿ ಜೋ ಷ್ನೈಡರ್, ರಾಂಡಾಲ್ಫ್ ಹಾಜ್ಸನ್ ಇಬ್ಬರೂ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಮತ್ತೆ ಹಸಿ ಹಾಲು ಹಿಡಿದರು. ಜಿಲ್ಲೆ ಸರಿ, ಪದ್ಧತಿ ಹಳೆಯದು. ಆದರೂ ‘ಸ್ಟಿಲ್ಟನ್’ ಅನ್ನೋ ಹಾಗಿಲ್ಲ! ಕೊನೆಗೆ ಆ ಊರಿನ ಹಳೇ ಹೆಸರು ಹುಡುಕಿ ‘ಸ್ಟಿಚೆಲ್ಟನ್’ ಎಂದಿಟ್ಟರು. ಮಾರಾಟಕ್ಕೆ ಅಡ್ಡಿಯಿಲ್ಲ, ಹೆಸರಿಗೆ ಮಾತ್ರ ಅಡ್ಡಿ. ಇದ್ಯಾವ ನ್ಯಾಯ ಸ್ವಾಮಿ? ನಕಲಿ ತಡೆಯೋ ಕಾನೂನು ಅಸಲಿಯನ್ನೇ ಹೊರಗಟ್ಟಿದರೆ ಹೇಗೆ? ‘ಹಸಿ ಹಾಲಿನದ್ದು’ ಅಂತ ಚೀಟಿ ಹಚ್ಚಿ, ಹೆಸರು ಕೊಡಲಿ. ಆ ಉಪ್ಪು ರುಚಿಗೆ ಒಂದು ಗುಟುಕು ಸಿಹಿ ಪೋರ್ಟ್ ವೈನ್ ಎರಡಕ್ಕೂ ಒಗ್ಗುತ್ತೆ. ನಾಲಿಗೆ ಒಪ್ಪಿದ್ದನ್ನು ಕಾನೂನೂ ಒಪ್ಪಲಿ.