ಅಗ್ಗದ ಡ್ರೈವ್, ದುಬಾರಿ ಲೆಕ್ಕ

ಹಗಲು ಗಂಜಿನಲ್ಲಿ ವ್ಯವಹಾರ, ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಜಮಾಖರ್ಚು. ಕಲಬುರಗಿಯ ಅನೇಕ ವರ್ತಕರ ದಿನಚರಿ ಹೀಗಿದೆ. ಆ ಯಂತ್ರ ನಿಧಾನವಾದಾಗ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಯೋಗ್ಯ ನಿರ್ಧಾರವೇ. ಆದರೆ ಯಾವುದನ್ನು ಕೊಳ್ಳಬೇಕೆಂಬಲ್ಲಿ ನಾವು ತೋರುವ ಮಿತವ್ಯಯ ಹಲವೊಮ್ಮೆ ನಷ್ಟಕ್ಕೆ ದಾರಿಯಾಗುತ್ತದೆ.

ಮೊದಲು ವೇಗದ ವಿಚಾರ. ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಬಲ್ಲದು. ಎನ್‌ವಿಎಂಇ ಡ್ರೈವುಗಳಲ್ಲಿ ಹಲವು 3,000 ಮೆಗಾಬೈಟನ್ನೂ ಮೀರುತ್ತವೆ. ಆದರೂ ಲೆಕ್ಕ ಬರೆಯಲು, ಬಿಲ್ ಮುದ್ರಿಸಲು ಈ ಅಂತರ ಹೆಚ್ಚೇನೂ ತೋರದು. ಹಾರ್ಡ್ ಡಿಸ್ಕಿನಿಂದ ಸಾಟಾ ಡ್ರೈವಿಗೆ ಬಂದಾಗಲೇ ನಿಜವಾದ ಲಾಭ ದೊರೆತಿರುತ್ತದೆ. ಹಳೆಯ ಯಂತ್ರಗಳಿಗೆ ಹೊಂದುವುದೂ ಬಹುಮಟ್ಟಿಗೆ ಅದೇ. ಆದುದರಿಂದ ವೇಗಕ್ಕಲ್ಲ, ಬಾಳಿಕೆಗೆ ಹಣ ಕೊಡಬೇಕು. ಖಾತರಿ 3 ವರ್ಷದ್ದೋ 5 ವರ್ಷದ್ದೋ, ಎಷ್ಟು ಟೆರಾಬೈಟ್ ಬರೆಯುವವರೆಗೆ, ಚಿಪ್ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂದು ವಿಚಾರಿಸಿರಿ. ಒಂದು ಕೋಶದಲ್ಲಿ 3 ಬಿಟ್ ಇಡುವ ಟಿಎಲ್‌ಸಿ, 4 ಬಿಟ್ ತುಂಬುವ ಕ್ಯೂಎಲ್‌ಸಿಗಿಂತ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ.

ಎರಡನೆಯದು ಬಿಲ್ಲು. 3,000 ರೂಪಾಯಿಯ ಡ್ರೈವಿಗೆ ಶೇ. 18 ಜಿಎಸ್‌ಟಿ ಸೇರಿ 3,540 ಎನ್ನೋಣ. ಬಿಲ್ ಇಲ್ಲದೆ 3,200ಕ್ಕೆ ಸಿಕ್ಕರೆ 340 ಉಳಿಯಿತೆಂದು ಸಂತೋಷಪಡುತ್ತೇವೆ. ಆದರೆ ತೆರಿಗೆಗೆ ಒಳಪಟ್ಟ ಮಾರಾಟವುಳ್ಳ ದಾಲ್‌ಮಿಲ್ ಮಾಲೀಕರು ವ್ಯವಹಾರದ ಬಳಕೆಗೆ ಕೊಂಡಲ್ಲಿ 540 ರೂಪಾಯಿಯ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ನಿಜವೆಚ್ಚ 3,000 ಮಾತ್ರ. ಮನೆಬಳಕೆಯೂ ಇದ್ದಲ್ಲಿ ಆ ಪಾಲಿನ ಜಮೆಯನ್ನು ಬಿಡಬೇಕು. ತಾಜಾ ಬಾಳೆಹಣ್ಣಿಗೆ ಜಿಎಸ್‌ಟಿ ಇಲ್ಲದ ಕಾರಣ ಕಮಲಾಪುರದ ಕೆಂಪುಬಾಳೆ ವರ್ತಕರಿಗೆ ಈ ಜಮೆ ದೊರೆಯದು. ಆದರೂ ಖಾತರಿ ಕೇಳಲು, ವೆಚ್ಚಕ್ಕೆ ಆಧಾರ ತೋರಿಸಲು ಅವರಿಗೂ ಬಿಲ್ಲು ಬೇಕೇ ಬೇಕು.

ಈ ಮಾತಿಗೆ ಅನುಭವವೂ ಇದೆ. ಕಮಲಾಪುರದ ವರ್ತಕರೊಬ್ಬರು ಹೆಸರು ಕೇಳರಿಯದ ಡ್ರೈವನ್ನು ಬಿಲ್ ಇಲ್ಲದೆ ಹಾಕಿಸಿದ್ದರು. ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸುವ ಹೊತ್ತಿಗೆ ಅದು ನಿಂತುಹೋಯಿತು. ಇಡೀ ವರ್ಷದ ಲೆಕ್ಕವನ್ನು ಚೀಟಿ, ಬ್ಯಾಂಕ್ ಪಾಸ್‌ಬುಕ್ಕುಗಳಿಂದ ಮತ್ತೆ ಬರೆಯಬೇಕಾಯಿತು. ಹಾರ್ಡ್ ಡಿಸ್ಕ್ ಕೆಲವೊಮ್ಮೆ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಅನೇಕ ಸಲ ಮುನ್ಸೂಚನೆಯಿಲ್ಲದೆ ನಿಲ್ಲುತ್ತದೆ.

ಜಿಎಸ್‌ಟಿ ಕಾಯ್ದೆಯಂತೆ ನೋಂದಾಯಿತ ವರ್ತಕರು ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 5 ವರ್ಷದ ಖಾತರಿಯೆಂದರೆ 60 ತಿಂಗಳು. ಆ ಖಾತರಿಯೂ ಡ್ರೈವನ್ನು ಬದಲಿಸಿಕೊಡುತ್ತದೆಯೇ ಹೊರತು ಅದರೊಳಗಿನ ಲೆಕ್ಕವನ್ನಲ್ಲ.

ಆದಕಾರಣ ನನ್ನ ಸಲಹೆ ಇಷ್ಟೆ: ಪರಿಚಿತ ತಯಾರಕರ, 5 ವರ್ಷ ಖಾತರಿಯ, 500 ಜಿಬಿಯ ಸಾಧಾರಣ ಡ್ರೈವನ್ನು ಬಿಲ್ ಸಹಿತ ಕೊಳ್ಳಿರಿ. ಅತಿವೇಗದ ಡ್ರೈವಿಗೆ ಕೊಡಬೇಕೆಂದಿದ್ದ ಹೆಚ್ಚಿನ ಹಣವನ್ನು ಹೊರಗಿನ ಹಾರ್ಡ್ ಡಿಸ್ಕೊಂದಕ್ಕೆ ಹಾಕಿರಿ. ವಾರಕ್ಕೊಮ್ಮೆ ಲೆಕ್ಕದ ಪ್ರತಿ ತೆಗೆದು ಅದನ್ನು ಅಂಗಡಿಯ ತಿಜೋರಿಯಲ್ಲಿಡಿರಿ. ಹಿಂದೆ ಕೀರ್ದಿ, ಖತಾವಣಿಗಳನ್ನು ನಮ್ಮ ಹಿರಿಯರು ಇಟ್ಟದ್ದೂ ಅಲ್ಲಿಯೇ.