ಯಾವ ಕಲ್ಯಾಣ?

ಕಲ್ಯಾಣದಲ್ಲಿ ನೆಲೆಸಿದ ಕನ್ನಡಿಗನಿಗೆ ತನ್ನ ಊರಿನ ಹೆಸರೇ ಒಂದು ಒಗಟು. ಶರಣರ ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿಯೂ ಅದೇ. ನಮ್ಮ ಕಲ್ಯಾಣವಾದರೋ ಉಲ್ಹಾಸ ನದಿಯ ದಂಡೆಯ ಹಳೆಯ ಬಂದರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ದಾನಿಗಳ ಊರಾಗಿ ಅದರ ಉಲ್ಲೇಖವಿದೆ. ಹರಿಹರನ 'ಗಿರಿಜಾಕಲ್ಯಾಣ'ದಲ್ಲಿ ಆ ಪದಕ್ಕೆ ವಿವಾಹವೆಂದು ಅರ್ಥ. 2019ರಿಂದೀಚೆಗೆ 'ಕಲ್ಯಾಣ ಕರ್ನಾಟಕ' ಎಂಬ ಪ್ರದೇಶನಾಮವೂ ಸೇರಿಕೊಂಡಿದೆ. ಓದುಗನು ಸಂದರ್ಭ ನೋಡಿ ಅರ್ಥ ಹಿಡಿಯುತ್ತಾನೆ. ಗಣಕಯಂತ್ರದ ಹುಡುಕುಪೆಟ್ಟಿಗೆಗೆ ಮಾತ್ರ ಇವೆಲ್ಲವೂ ಒಂದೇ ಅಕ್ಷರಸಾಲು.

ಇದು ಬರಿಯ ಪದಚಮತ್ಕಾರವಲ್ಲವೆಂದು ನನಗೆ ಮನವರಿಕೆಯಾದದ್ದು ಗೆಳೆಯರೊಡನೆ ಕೆಲವು ಹಳೆಯ ಸ್ಮರಣಸಂಚಿಕೆಗಳನ್ನು ಬೆರಳಚ್ಚಿಸಲು ಕುಳಿತಾಗ. ನಮ್ಮ ಹಿರಿಯರು ಈ ಊರಿಗೆ ಬಂದು ನೆಲೆಸಿದ ಬಗೆಯನ್ನು ಅರಿಯಬೇಕೆಂದು 'ಕಲ್ಯಾಣ' ಎಂದು ಹುಡುಕಿದೆವು. ದೊರೆತವು ಮದುವೆಯ ಶುಭಾಶಯಗಳು, ಅನುಭವಮಂಟಪದ ಮೇಲಿನ ಪ್ರಬಂಧಗಳು, ಲೋಕಕಲ್ಯಾಣದ ಹಾರೈಕೆಗಳು. ನಮಗೆ ಬೇಕಾದ ನಾಲ್ಕು ಪುಟಗಳು ಆ ರಾಶಿಯಲ್ಲಿ ಹೂತುಹೋಗಿದ್ದವು.

ಈ ತೊಡಕಿಗೆ ಪಂಡಿತಲೋಕ ಕಂಡುಕೊಂಡ ಪರಿಹಾರವೇ ಪಠ್ಯಾಂಕನ. ಪಠ್ಯದ ಯಾವ ಭಾಗ ಏನು ಎಂಬುದನ್ನು ಪಠ್ಯದೊಳಗೇ ಗುರುತಿಸಿಡುವ ಕ್ರಮವಿದು. ಸಾಹಿತ್ಯ, ಶಾಸನ, ಪತ್ರ, ಹಸ್ತಪ್ರತಿಗಳಿಗೆಂದು ಒಂದು ಸಮಾನ ಪದ್ಧತಿ ಬೇಕೆಂದು 1987ರಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ವಿದ್ವಾಂಸರು ಸಭೆ ಸೇರಿದರು. ಅಲ್ಲಿಂದ ಬೆಳೆದುಬಂದದ್ದು ಟಿಇಐ, ಎಂದರೆ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್. ಇಂದು ಬಳಕೆಯಲ್ಲಿರುವ ಅದರ ಐದನೆಯ ಆವೃತ್ತಿ 2007ರಲ್ಲಿ ಹೊರಬಂದಿತು. ಅದರ ಮೂಲತತ್ತ್ವ ಸರಳ: ಅಕ್ಷರ ಹೇಗೆ ಕಾಣಬೇಕೆಂಬುದನ್ನಲ್ಲ, ಅದು ಏನೆಂಬುದನ್ನು ಹೇಳು. ಓರೆಯಕ್ಷರದ ಮಾತು ಗ್ರಂಥದ ಹೆಸರೋ, ಪರಭಾಷೆಯ ಪದವೋ, ಬರೆದವನು ಒತ್ತಿ ಹೇಳಿದ್ದೋ? ಓರೆಯಕ್ಷರ ಇದಕ್ಕೆ ಉತ್ತರಿಸದು, ಗುರುತು ಉತ್ತರಿಸುತ್ತದೆ.

ಇದು ನಮಗೆ ತೀರ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ'ದಂತಹ ಶಾಸನಸಂಪುಟಗಳನ್ನು ತೆರೆದು ನೋಡಿದವರಿಗೆ ಸಂಪಾದಕರ ಸಂಕೇತಗಳು ಪರಿಚಿತ. ಅಳಿದ ಅಕ್ಷರಕ್ಕೊಂದು ಚಿಹ್ನೆ, ಊಹಿಸಿ ತುಂಬಿದ್ದಕ್ಕೊಂದು ಕಂಸ, ಪಾಠಾಂತರಕ್ಕೊಂದು ಅಡಿಟಿಪ್ಪಣಿ. ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ'ಯಲ್ಲಿ ವಿವರಿಸಿದ ಶಾಸ್ತ್ರದ ವಿವೇಕವೂ ಇದೇ. ಕಂಡದ್ದನ್ನು ಮತ್ತು ಊಹಿಸಿದ್ದನ್ನು ಬೆರೆಸಬಾರದು. ಪಠ್ಯಾಂಕನವು ಆ ವಿವೇಕವನ್ನು ಯಂತ್ರಕ್ಕೂ ತಿಳಿಯುವಂತೆ ಬರೆಯುತ್ತದೆ, ಅಷ್ಟೇ.

ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸ್ಕ್ಯಾನ್ ಮೊದಲು ಆಗಲೇಬೇಕು. ಗೆದ್ದಲು ಯಾರಿಗೂ ಕಾಯುವುದಿಲ್ಲ. ಆದರೆ ಚಿತ್ರವು ಪುಟದ ರೂಪವನ್ನಷ್ಟೇ ಉಳಿಸುತ್ತದೆ. ಕೆಲಸ ನಿಧಾನದ್ದು, ಗುರುತುಗಳ ಹೆಸರು ಇಂಗ್ಲಿಷಿನವು ಎಂಬ ಆಕ್ಷೇಪವೂ ನಿಜವೇ. ಎಕ್ಸ್‌ಎಂಎಲ್‌ನಲ್ಲಿ ಗುರುತಿನ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು: <ಸ್ಥಳ>ಕಲ್ಯಾಣ</ಸ್ಥಳ>. ಕಲಿಯುವಾಗ ಹೀಗೆಯೇ ಬರೆದು ಅಭ್ಯಾಸ ಮಾಡೋಣ. ಲೋಕದೊಡನೆ ಹಂಚಿಕೊಳ್ಳುವಾಗ ಟಿಇಐ ಒಪ್ಪುವ ಹೆಸರುಗಳಿಗೆ ಬದಲಿಸಿದರಾಯಿತು. ಅದರ ನೂರಾರು ಗುರುತುಗಳಲ್ಲಿ ನಮಗೆ ಮೊದಲು ಬೇಕಾದವು ಆರೇ: ಶೀರ್ಷಿಕೆ, ಗದ್ಯಖಂಡ, ಪದ್ಯದ ಸಾಲು, ವ್ಯಕ್ತಿ, ಸ್ಥಳ, ಅಸ್ಪಷ್ಟ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಂದುಕೊಂಡ ಬಳಿಕ ಒಂದು ರವಿವಾರದ ಮಧ್ಯಾಹ್ನ ಇವನ್ನು ಕಲಿಯಲು ಸಾಕು.

ಕಲಿಯುವವರು ಯಾರು? ಐರೋಲಿ, ಮಹಾಪೆಗಳ ಕಚೇರಿಗಳಿಗೆ ಹೋಗುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಗುರುತುಭಾಷೆ ನಿತ್ಯದ ಅನ್ನ. ಕನ್ನಡದ ಪುಟ ಓದುವುದು ಕಷ್ಟ. ಡೊಂಬಿವಲಿ, ಠಾಣೆಗಳ ಹಿರಿಯರಿಗೆ ಪುಟ ಸುಲಭ, ಗುರುತು ಕಷ್ಟ. ಇಬ್ಬರೂ ಒಂದೇ ಮೇಜಿಗೆ ಕುಳಿತರೆ ಮಾತ್ರ ಈ ಕೆಲಸ ನಡೆದೀತು. ಕನ್ನಡ ಕಲಿಯಿರೆಂದು ಮಕ್ಕಳಿಗೆ ಬರಿದೆ ಉಪದೇಶಿಸುವುದಕ್ಕಿಂತ ಅವರ ವಿದ್ಯೆಯೇ ಕನ್ನಡಕ್ಕೆ ಬೇಕಾಗಿದೆಯೆಂದು ಕರೆಯುವುದು ಮೇಲಲ್ಲವೇ?

ಇಲ್ಲಿ ತಡಮಾಡಲು ಅವಕಾಶವಿಲ್ಲ. ನಮ್ಮ ಸಂಚಿಕೆಯೊಂದರಲ್ಲಿ 'ರಾಯರು ಕೋಣೆ ಬಿಟ್ಟುಕೊಟ್ಟಿದ್ದರಿಂದ ತರಗತಿ ನಡೆಯಿತು' ಎಂಬ ವಾಕ್ಯವಿದೆ. ಯಾವ ರಾಯರು? ಕೇಳಿದ ಮೂವರಲ್ಲಿ ಇಬ್ಬರು ತಲೆಯಾಡಿಸಿದರು. ಎಂಬತ್ತು ದಾಟಿದ ಮೂರನೆಯವರು ಮನೆಯ ದಿಕ್ಕನ್ನೂ ಸೇರಿಸಿ ಹೇಳಿದರು. ಆ ಹೆಸರನ್ನು ಗುರುತಿನೊಳಗೆ ಬರೆದಿಟ್ಟೆವು. ಇನ್ನೈದು ವರ್ಷ ತಡೆದಿದ್ದರೆ ಅಲ್ಲಿ 'ಅಸ್ಪಷ್ಟ' ಎಂದು ಬರೆಯಬೇಕಾಗುತ್ತಿತ್ತು.